ರಸ್ತೆ ಮೊದಲೋ, ಪೈಪು ಮೊದಲೋ

ಪುರಸಭೆಯವರು ಏನೂ ಕೆಲಸ ಮಾಡುವುದಿಲ್ಲ ಎಂದು ದೂರುವವರನ್ನು ಕರೆತಂದು ನಮ್ಮ ಬೀದಿಯಲ್ಲಿ ಒಂದು ವರ್ಷ ಬಾಡಿಗೆಗೆ ಇರಿಸಬೇಕೆಂಬುದು ನನ್ನ ಬಹುದಿನದ ಆಸೆ. ಮಂಡ್ಯ ಜಿಲ್ಲೆಯ 7 ತಾಲ್ಲೂಕುಗಳಲ್ಲಿ ನಮ್ಮದು ಯಾವುದು, ಊರು ಯಾವುದು ಎಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ಇ-ಖಾತೆಯ ತಿದ್ದುಪಡಿ ಅರ್ಜಿ ಇನ್ನೂ ಅವರ ಮೇಜಿನ ಮೇಲೆಯೇ ಇದೆ. ಊರು ಚಿಕ್ಕದು. ಜನಸಂಖ್ಯೆ 20,000 ದಾಟಿ 50,000 ಮುಟ್ಟದಿದ್ದರೆ ಪುರಸಭೆ ಎಂಬ ಲೆಕ್ಕಕ್ಕೆ ಸರಿಯಾಗಿ ಹೊಂದುವಂಥದ್ದು. ಆದರೆ ಈಚಿನ ದಿನಗಳಲ್ಲಿ ಅಲ್ಲಿ ನಡೆದಿರುವ ಕಾಮಗಾರಿಗಳನ್ನು ನೋಡಿದರೆ ಯಾರೂ ಸುಮ್ಮನೆ ಕುಳಿತಿದ್ದಾರೆಂದು ಹೇಳಲಾಗದು. ಎಲ್ಲ ಶಾಖೆಗಳೂ ದುಡಿಯುತ್ತವೆ, ಎಲ್ಲವೂ ನಮ್ಮ ಬೀದಿಯಲ್ಲಿಯೇ ದುಡಿಯುತ್ತವೆ, ಮತ್ತು ಒಂದು ಶಾಖೆಯ ಕೆಲಸ ಸಂಪೂರ್ಣವಾಗಿ ಮುಗಿದಿದೆಯೆಂದು ಖಾತ್ರಿಯಾದ ಮೇಲೆಯೇ ಇನ್ನೊಂದು ಶಾಖೆ ಹಾರೆ ಎತ್ತುತ್ತದೆ. ತೊಂದರೆ ಇರುವುದು ಆ ಖಾತ್ರಿಯಲ್ಲಿ.

ಮೊದಲು ಬಂದವರು ಇಂಜಿನಿಯರಿಂಗ್ ಶಾಖೆಯವರು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹಳೆಯ ಡಾಂಬರನ್ನು ಕೆರೆಯುವ ಗೋಜಿಗೆ ಹೋಗದೆ ಅದರ ಮೇಲೆಯೇ ಸಿಸಿ ರಸ್ತೆ ಹಾಕಿದರು. ಇದರಿಂದ ರಸ್ತೆ ಮೇಲೆದ್ದಿತು, ನಾವು ಕೆಳಗಿಳಿದೆವು. ನಮ್ಮ ತಂದೆಯವರು ಮನೆ ಕಟ್ಟಿಸುವಾಗ ಮಳೆನೀರು ಒಳಗೆ ಬಾರದಿರಲೆಂದು ಇಡಿಸಿದ್ದ ಮೂರು ಮೆಟ್ಟಿಲುಗಳಲ್ಲಿ ಈಗ ಕಣ್ಣಿಗೆ ಕಾಣುವುದು ಒಂದೇ, ಉಳಿದೆರಡು ಪುರಸಭೆಯ ಸ್ವತ್ತಿನ ಅಡಿಯಲ್ಲಿವೆ. ಇನ್ನೆರಡು ಸಲ ಇದೇ ರೀತಿ ಅಭಿವೃದ್ಧಿಯಾದರೆ ಕಿಟಕಿಯ ಮೂಲಕ ಓಡಾಡಬೇಕಾದೀತೆಂದು ನನ್ನ ಹೆಂಡತಿ ಹೇಳಿದಾಗ, ಗುತ್ತಿಗೆದಾರರ ಕಡೆಯ ಮೇಸ್ತ್ರಿ ಕಿಟಕಿಯನ್ನೊಮ್ಮೆ ನೋಡಿ, "ಅಷ್ಟು ಎತ್ತರ ಬರಲ್ಲ ಅಮ್ಮ" ಎಂದು ಗಂಭೀರವಾಗಿಯೇ ಸಮಾಧಾನ ಹೇಳಿದ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಅನೇಕರು ಭಾವಿಸಿದ್ದಾರೆ. ಅದು ಗಟ್ಟಿಯಾಗುವುದು ನೀರು ಕುಡಿದು, ಮತ್ತು ಅದರ ಬಲವನ್ನು ಇಂಜಿನಿಯರುಗಳು ಅಳೆಯುವುದು 28 ದಿನಗಳ ಲೆಕ್ಕದಲ್ಲಿ. ಹಾಗಾಗಿ ರಸ್ತೆಯುದ್ದಕ್ಕೂ ಕೆಮ್ಮಣ್ಣಿನ ಬದು ಹಾಕಿ, ಭತ್ತದ ಗದ್ದೆಯ ಹಾಗೆ ಮಡಿ ಮಡಿಯಾಗಿ ನೀರು ಕಟ್ಟಿದರು. ಎದುರುಮನೆಯ ಗೌಡರು ಜಮೀನನ್ನು ಮಗನಿಗೆ ವಹಿಸಿ ಊರೊಳಗೆ ಬಂದು ನೆಲೆಸಿರುವವರು. ಆಯುಷ್ಯವಿಡೀ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದವರು. ಬೆಳಿಗ್ಗೆ ಎದ್ದು ಜಗಲಿಗೆ ಬಂದ ಅವರು ಈ ದೃಶ್ಯವನ್ನು ಬಹಳ ಹೊತ್ತು ನೋಡಿ, ಬದುವಿನ ಮೇಲೆ ಕಾಲಿಟ್ಟು ಅದುಮಿ ಪರೀಕ್ಷಿಸಿ, "ಮಡಿ ಚೆನ್ನಾಗೇ ಕಟ್ಟವ್ರೆ ಮೇಷ್ಟ್ರೇ, ನಾಟಿ ಯಾವತ್ತಂತೆ?" ಎಂದು ಕೇಳಿದರು. ಅಲ್ಲಿಂದ ಮುಂದೆ ಒಂದು ಬದು ಒಡೆದು ನೀರು ಪಕ್ಕದ ಮಡಿಗೆ ಹರಿದರೆ ಅದನ್ನು ಸಲಿಕೆ ಹಿಡಿದು ಸರಿಪಡಿಸುತ್ತಿದ್ದವರು ಗೌಡರೇ. ಪುರಸಭೆಯ ಕಡತಗಳಲ್ಲಿ ಅವರ ಹೆಸರು ಎಲ್ಲಿಯೂ ಇಲ್ಲ, ಆದರೆ ಆ ರಸ್ತೆಗೆ ಗುಣಮಟ್ಟವೆಂಬುದು ಏನಾದರೂ ಇದ್ದರೆ ಅದು ಅವರದೇ ಎಂದು ನನ್ನ ಅಭಿಪ್ರಾಯ.

ಬದು ತೆಗೆದು ರಸ್ತೆಯನ್ನು ಸಂಚಾರಕ್ಕೆ ಬಿಟ್ಟು, ಮಕ್ಕಳು ಅದರ ಮೇಲೆ ಸೈಕಲ್ ಕಲಿಯಲು ತೊಡಗಿದ್ದರಷ್ಟೆ. ನೀರು ಸರಬರಾಜು ಶಾಖೆಯವರು ಕಾಂಕ್ರೀಟು ಕೊಯ್ಯುವ ಯಂತ್ರದೊಂದಿಗೆ ಬಂದಿಳಿದರು. ಹೊಸ ಪೈಪು, ಮನೆಮನೆಗೆ ಹೊಸ ಸಂಪರ್ಕ, ಹೊಸ ಮೀಟರು. ಆ ಯಂತ್ರ ಎಬ್ಬಿಸಿದ ಬಿಳಿಯ ದೂಳು ನಮ್ಮ ಮನೆಯ ಸಾರಿನ ಪಾತ್ರೆಯವರೆಗೆ ಬಂದದ್ದನ್ನು ಕ್ಷಮಿಸಬಹುದು. ಗೌಡರ ಮುಖವನ್ನು ನೋಡಲಾಗಲಿಲ್ಲ. ನಡುರಸ್ತೆಯಲ್ಲಿ ಒಂದು ಮೊಳ ಅಗಲಕ್ಕೆ ಕೊಯ್ದು, ಅಗೆದು, ಪೈಪು ಇಳಿಸಿ, ಅರೆಬರೆ ಮಣ್ಣು ಮುಚ್ಚಿ, ನಡುವೆ ಒಂದು ಕಾಲುವೆಯನ್ನೇ ಬಿಟ್ಟು ಅವರು ಹೊರಟುಹೋದರು. ಕಾಂಕ್ರೀಟು ಯಾವಾಗ ಹಾಕುತ್ತೀರೆಂದು ಕೇಳಿದರೆ, ಅದು ರಸ್ತೆಯವರ ಕೆಲಸವೆಂದರು. ರಸ್ತೆಯವರನ್ನು ಕೇಳಿದರೆ, ಅಗೆದವರೇ ಮುಚ್ಚಬೇಕೆಂಬ ನಿಯಮವಿದೆಯೆಂದರು. ಈ ಎರಡೂ ಉತ್ತರಗಳನ್ನು ಕೊಟ್ಟವರು ಒಂದೇ ಕಟ್ಟಡದಲ್ಲಿ, ಒಂದೇ ಗೋಡೆಯ ಆಚೀಚೆ ಕುಳಿತುಕೊಳ್ಳುವವರು.

ನೀರು ಬಂತೇ ಎಂದು ನೀವು ಕೇಳಬಹುದು. ಕೃಷ್ಣರಾಜಸಾಗರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದರ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಪತ್ರಿಕೆಯಲ್ಲಿ ಪ್ರತಿದಿನ ಬರುವ ಒಳಹರಿವು, ಹೊರಹರಿವುಗಳ ಕ್ಯುಸೆಕ್ ಲೆಕ್ಕವನ್ನು ಗೌಡರು ಜಾತಕ ನೋಡುವಷ್ಟು ಶ್ರದ್ಧೆಯಿಂದ ಓದಿ ಬೀದಿಗೆಲ್ಲ ಹೇಳುತ್ತಾರೆ. ಆದರೆ ನಮ್ಮ ನಲ್ಲಿಯ ಒಳಹರಿವು ಎಷ್ಟು ಗಂಟೆಗೆ ಎಂಬುದು ವಾಲ್ವ್ ತಿರುಗಿಸುವ ಹುಡುಗನೊಬ್ಬನಿಗೆ ಮಾತ್ರ ತಿಳಿದಿರುವ ರಹಸ್ಯ. ಅವನು ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಮಧ್ಯರಾತ್ರಿಯಲ್ಲಿ ಬೈಕಿನಲ್ಲಿ ಹೋದರೆ, ಸದ್ದಿನ ಮೇಲೆಯೇ ಗುರುತು ಹಿಡಿದು ಇಡೀ ಬೀದಿಯ ಹೆಂಗಸರು ಏಳುತ್ತಾರೆ. ಹಸಿ ಕಸಕ್ಕೆಂದು ಹಸಿರು, ಒಣ ಕಸಕ್ಕೆಂದು ನೀಲಿ ಬಣ್ಣದ ಬಕೆಟ್ಟುಗಳನ್ನು ಆರೋಗ್ಯ ಶಾಖೆಯವರು ಮನೆಗೆರಡರಂತೆ ಹಂಚಿದ್ದು ಆ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಎರಡರಲ್ಲಿಯೂ ನೀರು ಹಿಡಿಯುತ್ತೇವೆ.

ಕಂದಾಯ ಶಾಖೆಯ ಇ-ಖಾತೆ ಅಭಿಯಾನ ಶುರುವಾದದ್ದು ಬೀದಿ ಹೀಗೆ ಅಗೆದು ಬಿದ್ದಿದ್ದಾಗಲೇ. ಕ್ರಯಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ಆಧಾರ್, ಇವುಗಳ ಜೊತೆಗೆ ಸ್ವತ್ತಿನ ಫೋಟೋ ಕೂಡ ಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ತೆರಿಗೆಯಲ್ಲಿ ಶೇ. 5 ರಿಯಾಯಿತಿ ಇರುವುದರಿಂದ ರಸೀದಿ ನನ್ನ ಬಳಿ ಸಿದ್ಧವಾಗಿಯೇ ಇತ್ತು. ಫೋಟೋ ತೆಗೆಯಲು ಬಂದ ಹುಡುಗ ಮನೆಯೆಲ್ಲ ಚೌಕಟ್ಟಿನೊಳಗೆ ಬರಲೆಂದು ಹಿಂದೆ ಹಿಂದೆ ಸರಿದು, ಕಾಲುವೆಯ ಅಂಚಿನಲ್ಲಿ ಓಲಾಡಿ, ಕೊನೆಗೆ ಗೌಡರ ಜಗಲಿ ಹತ್ತಿ ತೆಗೆದ. ಪರಿಣಾಮವಾಗಿ ನನ್ನ ಇ-ಖಾತೆಯಲ್ಲಿ ಮುಂಭಾಗವನ್ನೆಲ್ಲ ಆವರಿಸಿಕೊಂಡು ಒಂದು ಹಳದಿ ಜೆಸಿಬಿ ನಿಂತಿದೆ, ಅದರ ತೋಳಿನ ಸಂದಿಯಲ್ಲಿ ನನ್ನ ಮನೆಯ ಬಾಗಿಲು ಕಾಣುತ್ತದೆ. ನಾಳೆ ಬ್ಯಾಂಕಿನವರು ಸಾಲ ಕೊಡಲು ಬಂದರೆ ಆ ಜೆಸಿಬಿಯನ್ನೂ ಅಡವಿಗೆ ಕೇಳದೆ ಬಿಡಲಾರರು.

ಅದಕ್ಕಿಂತ ದೊಡ್ಡ ಪವಾಡ ಚಕ್ಕುಬಂದಿಯಲ್ಲಿ ನಡೆಯಿತು. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಟೀಚರಮ್ಮನವರ ಮನೆ ಎಂದಿದ್ದದ್ದು ಗಣಕಯಂತ್ರಕ್ಕೆ ಇಳಿಯುವಾಗ ಅದಲುಬದಲಾಗಿ, ಟೀಚರಮ್ಮನವರ ಮನೆ ಪೂರ್ವಕ್ಕೆ ಬಂದು, ರಸ್ತೆ ಪಶ್ಚಿಮಕ್ಕೆ ಹೋಯಿತು. ಅಂದರೆ ದಾಖಲೆಯ ಪ್ರಕಾರ ಸಾರ್ವಜನಿಕ ರಸ್ತೆ ಅವರ ಬಚ್ಚಲುಮನೆಯ ಮೂಲಕ ಹಾದುಹೋಗುತ್ತದೆ. ಬಿಲ್ ಕಲೆಕ್ಟರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, "ದಿಕ್ಕೆಲ್ಲ ಸರಿಯಾಗೇ ಇದೆಯಲ್ಲ ಸಾರ್, ನಾಲ್ಕೂ ಬಂದಿವೆ" ಎಂದರು. ಸುದ್ದಿ ತಿಳಿದ ಟೀಚರಮ್ಮ ಆ ಸಂಜೆಯೇ ಗಾಬರಿಯಿಂದ ಬಂದು, "ಆ ರಸ್ತೇನೂ ಅಗೀತಾರಾ ಸಾರ್?" ಎಂದು ಕೇಳಿದರು. ತಿದ್ದುಪಡಿ ಅರ್ಜಿಗೆ ಅವರದೂ ಒಂದು ಸಹಿ ಹಾಕಿಸಿ ಕೊಟ್ಟಿದ್ದೇನೆ.

ಕಸದ ಗಾಡಿಗೆ ಈಗ ಬೀದಿಯೊಳಗೆ ಬರಲಾಗುವುದಿಲ್ಲ. ಅದು ಮೂಲೆಯಲ್ಲಿ ನಿಂತು ಹಾಡು ಹಾಕುತ್ತದೆ. ಹಾಡು ಮುಗಿಯುವುದರೊಳಗೆ ಕಾಲುವೆ ದಾಟಿ ಓಡಬಲ್ಲವರು ಕಸದಿಂದ ಮುಕ್ತರು. ಇದೆಲ್ಲದರ ನಡುವೆ ಬೆಳಗಿನ ಆರಕ್ಕೇ ಬಂದು, ಎರಡು ಶಾಖೆಗಳು ಸೇರಿ ಎಬ್ಬಿಸಿದ ಮಣ್ಣನ್ನು ಪೊರಕೆಯಿಂದ ಗುಡಿಸಿ ಒಟ್ಟುಮಾಡುವ ಪೌರಕಾರ್ಮಿಕ ಹೆಂಗಸಿನ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸಿಲ್ಲ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆ ಮಾಡಿ ಶಾಲು ಹೊದಿಸುತ್ತಾರೆ. ಆ ಶಾಲಿನ ಬದಲು ಆ ಕಾಲುವೆಗೆ ಒಂದಿಷ್ಟು ಕಾಂಕ್ರೀಟು ಹಾಕಿಸಿದ್ದರೆ ಆಕೆಗೆ ವರ್ಷವಿಡೀ ಸನ್ಮಾನವಾಗುತ್ತಿತ್ತು.

ಆರೋಗ್ಯ ಶಾಖೆಯವರು ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದರು. ಚಿಕಿತ್ಸೆಯಾದ ನಾಯಿಗೆ ಗುರುತಿಗಾಗಿ ಕಿವಿಯ ತುದಿಯಲ್ಲಿ ಕಚ್ಚು ಹಾಕಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡಬೇಕೆಂದು 2023ರ ನಿಯಮಗಳು ಹೇಳುತ್ತವೆ. ಹಾಗೆ ಹೇಳುವುದಕ್ಕೆ ಕಾರಣವೂ ಇದೆ, ನಾಯಿಗಳಿಗೆ ಅವವುಗಳ ಸರಹದ್ದು ಇರುತ್ತದೆ, ನಾಯಿಗಳ ಚಕ್ಕುಬಂದಿ ಪುರಸಭೆಯದಕ್ಕಿಂತ ನಿಖರವಾಗಿರುತ್ತದೆ. ಆದರೆ ನಮ್ಮ ಬೀದಿಯ ಕರಿಯನನ್ನು ಕೆಳಗಿನ ಬೀದಿಗೆ ಬಿಟ್ಟು, ಅಲ್ಲಿಯದನ್ನು ನಮ್ಮಲ್ಲಿಗೆ ತಂದು ಬಿಟ್ಟರು. ಹೊಸದಾಗಿ ಬಂದದ್ದಕ್ಕೆ ನಮ್ಮ ಮುಖಗಳ ಪರಿಚಯವಿರಲಿಲ್ಲ, ಕಾಲುವೆಯ ಪರಿಚಯವಂತೂ ಮೊದಲೇ ಇರಲಿಲ್ಲ. ಅಂಚೆಯವನನ್ನು ಅಟ್ಟಿಸಿಕೊಂಡು ಹೋಗಿ ಅದರೊಳಗೆ ಬಿದ್ದು, ಅದೇ ಅಂಚೆಯವನೇ ಎತ್ತಿದ ಮೇಲೆ ಈಗ ಬಹಳ ಸೌಮ್ಯವಾಗಿದೆ.

ಬೀದಿದೀಪದ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಅದು ಹಗಲು ಮಾತ್ರ ಉರಿಯುತ್ತದೆ. ಹೊಸ ಎಲ್‌ಇಡಿ, ತಾನೇ ಹತ್ತಿ ತಾನೇ ಆರುವ ವ್ಯವಸ್ಥೆ. ಅದಕ್ಕೆ ನಮ್ಮ ಬೆಳಗೇ ಸಂಜೆ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ. ಕಾವೇರಿಯ ಪಕ್ಕದವರಾದ ನಮ್ಮ ಸರದಿ ನಿಧಾನವಾಗಿ ಬರುವುದು ಹಳೆಯ ಸಂಪ್ರದಾಯವೇ ಎಂದುಕೊಂಡು ಟಾರ್ಚ್ ಹಿಡಿದು ಓಡಾಡುತ್ತಿದ್ದೇವೆ.

ಹಬ್ಬಕ್ಕೆಂದು ಮೈಸೂರಿನಿಂದ ಬಂದ ನಮ್ಮ ಭಾವನವರು ಕಾಲುವೆಯ ಮೇಲೆ ಹಾಸಿದ್ದ ಹಲಗೆಯನ್ನು ದಾಟುವಾಗಲೇ ಮಾತು ಶುರು ಮಾಡಿದರು. ಅವರ ಊರಿನಲ್ಲಿ ಪ್ಲೇಗು ಬಂದು ಹೋದ ಮೇಲೆ 1903ರಲ್ಲಿಯೇ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಸ್ಥಾಪಿಸಿ ಬಡಾವಣೆ ಮಾಡಿದರಂತೆ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದಾರಂತೆ. ಕಕ್ಕಸು, ಚರಂಡಿಗಳ ವ್ಯವಹಾರವೆಲ್ಲ ಹಿಂದಿನಿಂದಲೇ ನಡೆದುಹೋಗುವಾಗ ಮುಂದಿನ ರಸ್ತೆಯನ್ನು ಯಾರೂ ಮುಟ್ಟಬೇಕಾಗಿಯೇ ಇರಲಿಲ್ಲವಂತೆ. ನೂರು ವರ್ಷದ ಹಿಂದೆಯೇ ಪೈಪಿನ ಬಗ್ಗೆ ಮೊದಲು, ರಸ್ತೆಯ ಬಗ್ಗೆ ಆಮೇಲೆ ಯೋಚಿಸಿದವರು ಇದ್ದರೆಂಬುದು ನಿಜವಾಗಿಯೂ ಮೆಚ್ಚಬೇಕಾದ ಮಾತು. ಆದರೆ ಮೆಚ್ಚಿಗೆಯನ್ನು ಭಾವನವರ ಎದುರು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. "ಆ ಗಲ್ಲೀಲಿ ಈಗ ನಿಮ್ಮ ಸ್ಕೂಟರ್ ನಿಂತಿದೆಯಲ್ಲ ಭಾವ?" ಎಂದೆ. ಸಾಲದ್ದಕ್ಕೆ, ಕಾವೇರಿ ನೀರನ್ನು ಮೈಸೂರಿಗೆ ತರಲೆಂದು ದಿವಾನ್ ಪೂರ್ಣಯ್ಯನವರು ಗುಡ್ಡ ಕಡಿಸಿ ತೋಡಿಸಿದ ನಾಲೆ ನೀರು ತರದೆಯೇ ಉಳಿದ ಕಥೆಯನ್ನೂ ನೆನಪಿಸಿದೆ. ಅಗೆದದ್ದೆಲ್ಲ ಫಲ ಕೊಡಬೇಕೆಂದೇನೂ ಇಲ್ಲ ಎಂಬ ವಿಷಯದಲ್ಲಿ ಎರಡು ಜಿಲ್ಲೆಗಳೂ ಒಮ್ಮತಕ್ಕೆ ಬಂದು ಒಬ್ಬಟ್ಟಿನ ಊಟಕ್ಕೆ ಕುಳಿತೆವು.

ಕಳೆದ ವಾರ ಜೂನಿಯರ್ ಇಂಜಿನಿಯರ್ ಸ್ವತಃ ಬಂದರು. ನನ್ನ ಹಳೆಯ ವಿದ್ಯಾರ್ಥಿಯಾದ್ದರಿಂದ ಜಗಲಿಯ ಮೇಲೆ ಕೂರಿಸಿ, ಮೊದಲು ಪೈಪು, ಆಮೇಲೆ ರಸ್ತೆ ಎಂಬ ಅನುಕ್ರಮ ನಿಮಗೆ ಹೊಳೆಯಲಿಲ್ಲವೇ ಎಂದು ಕೇಳಿದೆ. ಪಾಪ, ಆತ ಒಂದು ಕ್ಷಣವೂ ತಡವರಿಸಲಿಲ್ಲ. "ಹೊಳೀದೆ ಏನು ಮೇಷ್ಟ್ರೇ, ಹೆಡ್ಡು ಬೇರೆ ಬೇರೆ" ಎಂದರು. ರಸ್ತೆಯ ಹಣದ ಲೆಕ್ಕಶೀರ್ಷಿಕೆ ಬೇರೆ, ನೀರಿನದು ಬೇರೆ. ಕೇಂದ್ರದ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ನಮ್ಮಂಥ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿಯೇ ಶೇ. 60 ಭಾಗ ಷರತ್ತಿನ ಹಣವಾಗಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ ಹೋಗಬೇಕಿತ್ತು. 2021ರಲ್ಲಿ ಆರಂಭವಾದ ಕೇಂದ್ರದ ಅಮೃತ್ 2.0 ನೀರಿನ ಯೋಜನೆಯ ದುಡ್ಡಿಗೆ ಅದರದೇ ಟೆಂಡರು, ಅದರದೇ ಗಡುವು. ರಾಜ್ಯದ ನಗರೋತ್ಥಾನ ಯೋಜನೆಯದು ಇನ್ನೊಂದು. ಮಾರ್ಚ್ ಒಳಗೆ ಬಿಲ್ ಮಾಡದಿದ್ದರೆ ರಸ್ತೆಯ ಹಣ ಕೈತಪ್ಪುತ್ತಿತ್ತು. ಪೈಪಿನ ಹಣಕ್ಕೆ ಮಂಜೂರಾತಿ ಬಂದದ್ದೇ ಆಮೇಲೆ. ಬಂದ ಹಣವನ್ನು ಕಾಯಿಸಿ ಇಡುವಂತಿಲ್ಲ, ಬಾರದ ಹಣಕ್ಕೆ ಅಗೆಯುವಂತಿಲ್ಲ. ಕೇಳುತ್ತ ಕೇಳುತ್ತ, ನಮ್ಮ ಬೀದಿಯನ್ನು ಅಗೆದದ್ದು ಪುರಸಭೆಯಲ್ಲ, ಕ್ಯಾಲೆಂಡರು ಎಂದು ನನಗೆ ಮನವರಿಕೆಯಾಯಿತು. ಕ್ಯಾಲೆಂಡರಿನ ಮೇಲೆ ಅರ್ಜಿ ಬರೆಯುವುದು ಯಾರಿಗೆ?

ಮುಂದಿನದು ಯುಜಿಡಿ ಎಂದು ಹೇಳುವಾಗ ಮಾತ್ರ ಆತನ ದನಿ ಸ್ವಲ್ಪ ತಗ್ಗಿತು. ಒಳಚರಂಡಿಗೆ ಇದರ ಎರಡರಷ್ಟು ಆಳ ಅಗೆಯಬೇಕಂತೆ. ಅದಾದ ಮೇಲೆಯೇ ರಸ್ತೆ ದುರಸ್ತಿಯಂತೆ. ಇಷ್ಟು ಹೇಳಿ ಟೇಪು ಹಿಡಿದು ಅಳತೆಗೆಂದು ಕಾಲುವೆಯ ಬಳಿ ಹೋದವರು ಅಲ್ಲಿಯೇ ನಿಂತುಬಿಟ್ಟರು. ಹೊಸ ಪೈಪಿನ ಒಂದು ಜಾಯಿಂಟು ಮೊದಲ ದಿನದಿಂದಲೂ ಸೋರುತ್ತಿತ್ತು. ಮುಚ್ಚಿದ ಮಣ್ಣು ಹದವಾಗಿ ನೆನೆದಿರುವುದನ್ನು ಗಮನಿಸಿದ್ದ ಗೌಡರು, ಯಾರಿಗೂ ಹೇಳದೆ, ಅದರುದ್ದಕ್ಕೂ ದಂಟಿನ ಬೀಜ ಎರಚಿದ್ದರು. ಕಾಂಕ್ರೀಟಿನ ಎರಡು ಅಂಚುಗಳ ನಡುವೆ ಗೇಣುದ್ದದ ಕೆಂಪು ದಂಟಿನ ಸೊಪ್ಪು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸೊಗಸಾಗಿ ಎದ್ದಿತ್ತು; ಟೀಚರಮ್ಮನವರ ಮನೆಗೆ ಅದಾಗಲೇ ಒಂದು ಕಟ್ಟು ಹೋಗಿತ್ತು.

ಗೌಡರು ಜಗಲಿಯಿಂದಲೇ ಕೈಮುಗಿದು, "ಈ ಸೊಪ್ಪೊಂದು ಕಿತ್ಕೊಳೋಗಂಟ ಅಗೀಬ್ಯಾಡ್ರಪ್ಪ" ಎಂದು ಕೇಳಿಕೊಂಡರು.

ಇಂಜಿನಿಯರ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತ, "ಟೆಂಡರ್ ಆಗ್ಬೇಕಲ್ಲ ಯಜಮಾನ್ರೇ, ಇನ್ನೂ ಎರಡು ಬೆಳೆ ಧಾರಾಳವಾಗಿ ತೆಗೀಬಹುದು" ಎಂದರು.