“ನಾನ್ಯಾರು ಹೇಳಿ ನೋಡೋಣ” ಅಂತ ಅಪ್ಪಯ್ಯನನ್ನು ಕೇಳುವವರಿಗೆ

ಹೊಟ್ಟೆ ಉರಿಯುತ್ತಿದೆ. ಬರೆದು ಮುಗಿಸದೆ ಇವತ್ತು ನಿದ್ದೆ ಬರುವುದಿಲ್ಲ.

ದಸರಾ ರಜೆಗೆ ಬೆಂಗಳೂರಿನಿಂದ ಕಾರಲ್ಲಿ ಹೊರಟಿದ್ದೆವು. ಸಾಗರದ ಅಣ್ಣನ ಮನೆಯಲ್ಲಿ ಅಪ್ಪಯ್ಯನ ಜೊತೆ ಎರಡು ದಿನ, ಆಮೇಲೆ ಅವರನ್ನೂ ಕರೆದುಕೊಂಡು ಸಿಗಂದೂರಿಗೆ ಹೋಗಿ ಬರುವುದು ಅಂತ. ಅಪ್ಪಯ್ಯನಿಗೆ 83. ಆಲ್ಝೈಮರ್ ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಬೆಳಿಗ್ಗೆ ತಿಂಡಿ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆದರೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ತಮ್ಮ ಊರಿನ ಒಂದೊಂದು ಮನೆ, ಒಂದೊಂದು ತೋಟ ಇವತ್ತಿಗೂ ಬಾಯಲ್ಲಿದೆ. ಅಣೆಕಟ್ಟು ಮುಗಿದ 1964ರಲ್ಲಿ ಅವರಿಗೆ 22 ವರ್ಷ. ಈ ಕಾಯಿಲೆಯೇ ಹಾಗೆ. ಮೊದಲು ಹೊಸ ನೆನಪು ಹೋಗುತ್ತದೆ, ಹಳೆಯದು ಎಷ್ಟೋ ಕಾಲ ಉಳಿಯುತ್ತದೆ.

ಹೊಳೆಬಾಗಿಲು ಹತ್ತಿರ ಬಂದಾಗ “ಲಾಂಚ್ ಎಷ್ಟೊತ್ತಿಗೆ?” ಅಂದರು. ಮೊದಲು ಅಲ್ಲಿ ಹಿನ್ನೀರು ದಾಟಲು ಲಾಂಚ್ ಹತ್ತಬೇಕಿತ್ತು, ಜುಲೈ 2025ರಿಂದ ಸೇತುವೆಯ ಮೇಲೇ ಓಡಾಟ. “ಅಜ್ಜಾ, ಈಗ ಸೇತುವೆ ಆಗಿದೆ” ಅಂದ ನನ್ನ ಮಗ. ಐದು ಸಲ ಕೇಳಿದರು, ಐದು ಸಲವೂ ಅಷ್ಟೇ ಸಮಾಧಾನದಿಂದ ಹೇಳಿದ. ಅವನಿಗಿನ್ನೂ ಹತ್ತು ವರ್ಷ.

ಇನ್ನು ದೊಡ್ಡವರ ಕತೆ ಕೇಳಿ. ತುಮರಿ ಹತ್ತಿರ ನೆಂಟರ ಮನೆಯಲ್ಲಿ ಊಟ. ಜಗಲಿ ಹತ್ತುವ ಮೊದಲೇ ಶುರು. “ಮಾವಾ, ನಾನ್ಯಾರು ಗೊತ್ತಾಯ್ತಾ?” ಅಪ್ಪಯ್ಯ ಮರ್ಯಾದಸ್ಥ ಮನುಷ್ಯ. ಹೆಗಲ ಮೇಲಿನ ಟವೆಲ್ಲಿನ ತುದಿ ಹಿಡಿದುಕೊಂಡು “ಗೊತ್ತಿಲ್ಲದೆ ಏನು, ಗೊತ್ತು” ಅಂದರು. ಅಷ್ಟಕ್ಕೆ ಬಿಡಬಹುದಿತ್ತು ಅಲ್ವಾ? ಬಿಡಲಿಲ್ಲ. “ಹಂಗಾದ್ರೆ ಹೆಸರು ಹೇಳಿ ನೋಡೋಣ!” ಒಬ್ಬರಾದ ಮೇಲೆ ಒಬ್ಬರು. ಒಬ್ಬ ಹುಡುಗ ಮೊಬೈಲಲ್ಲಿ ವಿಡಿಯೋ ಮಾಡುತ್ತಿದ್ದ. ಕಿತ್ತುಕೊಂಡು ಅಳಿಸಿದೆ. “ಅರಳು ಮರಳು ಎಲ್ಲರಿಗೂ ಬರ್ತದೆ, ಅದಕ್ಯಾಕೆ ಇಷ್ಟು ಸಿಟ್ಟು” ಅಂತ ನನಗೇ ಬುದ್ಧಿ ಹೇಳಿದರು. ಅರಳು ಮರಳಲ್ಲ ಸ್ವಾಮಿ, ಮಿದುಳಿನ ಕಾಯಿಲೆ. ಕಾಲು ಮುರಿದವನನ್ನು ಓಡಿ ತೋರಿಸು ಅಂತೀರಾ?

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಎಲೆ ಹಾಕಿದ ಮೇಲೆ ಅಪ್ಪಯ್ಯ ಸುತ್ತ ನೋಡಿ “ಇವಳೆಲ್ಲಿ, ಊಟಕ್ಕೆ ಬರಲಿಲ್ಲ?” ಅಂದರು. ಅಮ್ಮನನ್ನು ಕೇಳಿದ್ದು. ನಾವು ಇಂಥ ಹೊತ್ತಲ್ಲಿ “ಆಮೇಲೆ ಬರ್ತಾಳೆ” ಅಂದು ಅಮ್ಮನ ಹಳೆಯ ಮಾತು ಯಾವುದಾದರೂ ತೆಗೆಯುತ್ತೇವೆ. ನಾನು ಬಾಯಿ ತೆರೆಯುವುದರೊಳಗೆ ಒಬ್ಬರು, “ಅಯ್ಯೋ, ಅತ್ತೆ ತೀರಿಕೊಂಡು ನಾಲ್ಕು ವರ್ಷ ಆಯ್ತಲ್ಲ, ಅದೂ ಮರೆತುಹೋಯ್ತಾ?” ಅಂದುಬಿಟ್ಟರು.

ಅಪ್ಪಯ್ಯನಿಗೆ ಅಮ್ಮ ಆಗಷ್ಟೇ ಸತ್ತಳು. ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತು. ಮಗುವಿನ ಹಾಗೆ ಅತ್ತರು. ಹತ್ತು ನಿಮಿಷಕ್ಕೆ ಯಾಕೆ ಅಳುತ್ತಿದ್ದೇನೆ ಅನ್ನುವುದು ಮರೆತುಹೋಯಿತು, ಆದರೆ ದುಃಖ ಹೋಗಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಸುಮ್ನೆ ಕೂತಿದ್ದರು. ಸೇತುವೆ ಬಂತು. ಲಾಂಚ್ ವಿಷಯ ಕೇಳಲೇ ಇಲ್ಲ.

ಬಂದವರು “ನಾನು ಇಂಥವನ ಮಗ, ಇಂಥ ಊರವನು” ಅಂತ ತಾವೇ ಹೇಳಿದರೆ ಏನು ನಷ್ಟ? ಅಷ್ಟು ಹೇಳಿದರೆ ಸಾಕು, ಅಪ್ಪಯ್ಯ ನಿಮ್ಮ ಅಜ್ಜನ ಎತ್ತಿನ ಹೆಸರಿನಿಂದ ಮಾತು ಶುರು ಮಾಡುತ್ತಾರೆ.

ದೀಪಾವಳಿಗೆ ನೆಂಟರು ಬರುತ್ತಾರೆ. ಪರೀಕ್ಷೆ ಮಾಡುವವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿ, ಒಳಗೆ ಬಿಡಬೇಡಿ ಅಂತ ಅತ್ತಿಗೆಗೆ ಹೇಳಿ ಬಂದಿದ್ದೇನೆ. ಬೇಜಾರಾದರೆ ಆಗಲಿ.