ಗಿನ್ನಿ ಮಾಹಿ ಹಾಡಿದ್ರೆ ಮಾತ್ರ ಜಾತಿ ಕಾಣುತ್ತದಾ?

ನಿನ್ನೆಯಿಂದ ತಲೆ ಕೆಟ್ಟಿದೆ. ಬರೆದೇಬಿಡುತ್ತೇನೆ.

ಈ ವಾರ ನನಗೆ ಗಾಯಕಿ ಗಿನ್ನಿ ಮಾಹಿಯ ಹಾಡು ಸಿಕ್ಕಿತು. ಪಂಜಾಬಿನ ಜಲಂಧರ್‌ನವಳು, ಸಂತ ರವಿದಾಸರನ್ನು ಗುರು ಅಂತ ನಂಬುವ ರವಿದಾಸಿಯಾ ಅನ್ನುವ ದಲಿತ ಸಮುದಾಯದ ಹುಡುಗಿ. ಚರ್ಮದ ಕೆಲಸದವರು ಅಂತ ಕೀಳಾಗಿ ಕಂಡ ಚಮಾರ್ ಜಾತಿ ಇವಳದು. 2016ರಲ್ಲಿ 'ಡೇಂಜರ್ ಚಮಾರ್' ಹಾಡಿನಿಂದ ಹೆಸರಾದಾಗ ಇನ್ನೂ ಹದಿಹರೆಯ. ಇಷ್ಟು ವರ್ಷ ನನ್ನ ಕಿವಿಗೆ ಬೀಳಲೇ ಇಲ್ಲ ನೋಡಿ. ಎಂಥಾ ಗಂಟಲು! ಆ ಹಾಡು ಹುಟ್ಟಿದ್ದು ಹೀಗಂತೆ: ಜೊತೆಯಲ್ಲಿ ಓದುವ ಹುಡುಗಿ ಇವಳ ಜಾತಿ ಕೇಳಿದಳು. ಹೇಳಿದ ಮೇಲೆ, ನಿಮ್ಮ ಜನ ಡೇಂಜರ್ ಅಂದಳು. ಅದನ್ನೇ ಎತ್ತಿಕೊಂಡು ಇವಳು ವೇದಿಕೆಯಲ್ಲಿ ಎದೆ ಸೆಟೆಸಿ ಹಾಡಿದಳು.

ಖುಷಿ ತಡೆಯಲಾಗದೆ ಹಳೇ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಬಂದ ಮೊದಲ ಉತ್ತರ: 'ವಾಯ್ಸ್ ಸೂಪರ್. ಆದ್ರೆ ಹಾಡಲ್ಲಿ ಜಾತಿ ಯಾಕೆ?'

ಕೋಪ ಬಂದಿದ್ದು ಇಲ್ಲಿ. ಪಂಜಾಬಿ ಪಾಪ್‌ನಲ್ಲಿ ಜಾಟರ, ಅಂದರೆ ಅಲ್ಲಿನ ಜಮೀನುಳ್ಳ ಪ್ರಬಲ ಜಾತಿಯವರ, ಹೆಮ್ಮೆಯ ಹಾಡುಗಳಿಗೆ ಲೆಕ್ಕವಿಲ್ಲ. ಜಾಟನ ಜಮೀನು, ಜಾಟನ ಗಾಡಿ, ಜಾಟನ ಬಂದೂಕು. ನಮ್ಮೂರ ಮದುವೆಗಳಲ್ಲೂ ಡಿಜೆ ಹಾಕುತ್ತಾರೆ, ಇದೇ ಗೆಳೆಯ ಕುಣಿಯುತ್ತಾನೆ. ಅಲ್ಲಿ ಅವನಿಗೆ ಜಾತಿ ಕೇಳಿಸುವುದಿಲ್ಲ. 2011ರ ಜನಗಣತಿ ಪ್ರಕಾರ ಪಂಜಾಬಿನಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 32. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಅಷ್ಟು ಜನರ ಪೈಕಿ ಒಬ್ಬಳು ತನ್ನವರ ಹೆಸರೆತ್ತಿದ ಕೂಡಲೇ ಸಂಗೀತ ಕೆಟ್ಟುಹೋಯಿತಾ?

ಹೆಸರು ಹೇಳಿದಷ್ಟೂ ಜಾತಿ ಗಟ್ಟಿಯಾಗುತ್ತದೆ ಅಂತ ಇನ್ನೊಬ್ಬರು ಬುದ್ಧಿ ಹೇಳಿದರು. ಹೇಳದೆ ಇದ್ದರೆ ಹೋಗುತ್ತದಾ? ಹಾಗಾದ್ರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ 'ನೀವು ಯಾವ ಜನ?' ಅಂತ ಯಾಕೆ ಕೇಳುತ್ತಾರೆ? ಚಮಾರ್ ಅನ್ನುವುದನ್ನು ಬೈಗುಳ ಮಾಡಿದ್ದು ಆ ಹುಡುಗಿಯಲ್ಲ. ಹಾಗೆ ಕರೆದು ಅವಮಾನ ಮಾಡುವುದು ಅಪರಾಧ ಅಂತ 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಬೈದವರು ಬಾಯಿ ಮುಚ್ಚಲಿ, ಹಾಡುವವಳಿಗೆ ಯಾಕೆ ಪಾಠ?

ಇನ್ನೊಂದು ಮಾತು. ಇದುವರೆಗೆ ಇಲ್ಲಿ ಬರೆದಿಲ್ಲ. ನನ್ನ ಶಾಲೆಯಲ್ಲಿ ಸ್ಕಾಲರ್‌ಶಿಪ್ ಫಾರಂ ಬಂದಾಗ ನಮ್ಮನ್ನು ಹೆಸರಿನಿಂದಲ್ಲ, ಜಾತಿಯಿಂದ ಕರೆದು ಎಬ್ಬಿಸುತ್ತಿದ್ದರು. ಇಡೀ ಕ್ಲಾಸ್ ತಿರುಗಿ ನೋಡುತ್ತಿತ್ತು. ನಾನು ನೆಲ ನೋಡುತ್ತಾ ನಿಲ್ಲುತ್ತಿದ್ದೆ. ಆ ವಯಸ್ಸಿಗೆ ಸ್ವಲ್ಪ ಆಚೀಚೆ ಇರುವ ಹುಡುಗಿ ಅದನ್ನೇ ಮೈಕಿನಲ್ಲಿ ಕೂಗಿ ಹೇಳುವುದನ್ನು ಕೇಳಿದಾಗ ನನಗೆ ಅಳು ಬಂತು. 'ಜಾತಿ ಯಾಕೆ' ಅಂತ ಕೇಳುವವರಿಗೆ ಇದನ್ನು ಹೇಗೆ ತಿಳಿಸಲಿ?

ನಮ್ಮಲ್ಲೂ ಇದು ಹೊಸದಲ್ಲ, ಅಲ್ವಾ? ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳು ಹಾಡಾಗಿ ಊರೂರು ತಿರುಗಿದವು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಮೈಸೂರಿನ ಜನ್ನಿ ಅವರ ದನಿ ಕೇಳಿದವರಿಗೆ ಗೊತ್ತು. ಆಗಲೂ ಅದು ಸಂಗೀತವಲ್ಲ, ಗಲಾಟೆ ಅಂದವರಿದ್ದರು.

ಗಿನ್ನಿ ಅಂಬೇಡ್ಕರ್ ಮೇಲೂ ಹಾಡಿದ್ದಾಳೆ. ಸಂವಿಧಾನ ಬರೆದ ಬಾಬಾಸಾಹೇಬರ ಮಗಳು ನಾನು ಅನ್ನುತ್ತಾಳೆ ಅದರಲ್ಲಿ. ನನ್ನ ತಂಗಿ ಮಗಳಿಗೆ ಕಳಿಸಿದೆ. ಹೈಸ್ಕೂಲು ಓದುತ್ತಿದ್ದಾಳೆ, ಪಂಜಾಬಿ ಒಂದಕ್ಷರ ಬರುವುದಿಲ್ಲ. ಬಾಯಿಪಾಠ ಮಾಡಿಕೊಂಡು ಸ್ಕೂಲ್ ಡೇಯಲ್ಲಿ ಹಾಡುತ್ತಾಳಂತೆ. ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ.