ದೇವರನ್ನು ನಡುವೆ ಯಾಕೆ ಎಳೀತೀರಿ?

ನಿನ್ನೆ ತಾಲೂಕು ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ, ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅಲೆಯುತ್ತಿದ್ದವರು. ಚಪ್ಪಲಿ ಬಾಗಿಲಾಚೆ ಬಿಟ್ಟು, ಸೆರಗು ಹೊದ್ದು, ಮೇಜಿನ ಮುಂದೆ ಕೈಮುಗಿದು ನಿಂತರು. ಅತ್ತ ಕೂತಿದ್ದ ಮಹಾನುಭಾವರು ಮೊಬೈಲಿನಿಂದ ತಲೆ ಎತ್ತದೆ 'ಸರ್ವರ್ ಇಲ್ಲ, ಸೋಮವಾರ ಬಾರಮ್ಮ' ಅಂದರು. ಅವರ ತಲೆಯ ಮೇಲೆ ಗೋಡೆಯಲ್ಲಿ ದಪ್ಪಕ್ಷರ: 'ಸರ್ಕಾರದ ಕೆಲಸ ದೇವರ ಕೆಲಸ'.

ಮೈಯೆಲ್ಲ ಉರಿದುಹೋಯಿತು.

ಪೂಜೆ ಮುಗಿಯದೆ ಕಾಫಿ ಮುಟ್ಟದ ಆಸಾಮಿ ನಾನು, ನಿಮಗೆ ಗೊತ್ತೇ ಇದೆ. ಆದ್ದರಿಂದಲೇ ಈ ಸಿಟ್ಟು. ನನ್ನ ದೇವರ ಹೆಸರನ್ನು ಅಲ್ಲಿ ತಗುಲಿಹಾಕಲು ಇವರಿಗೆ ಹೇಳಿದವರು ಯಾರು? ದೇವರ ಕೆಲಸ ಅಂದುಬಿಟ್ಟರೆ ಗುಮಾಸ್ತ ಪೂಜಾರಿ, ನಾವು ಭಕ್ತರು. ಖಾತೆ ಆದರೆ ಪ್ರಸಾದ, ಆಗದಿದ್ದರೆ ಹಣೆಬರಹ. ಕಾಣಿಕೆಯ ಸುದ್ದಿ ಬೇಡ ಬಿಡಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಹಿರಿಯರು ಸುಮ್ನೆ ಅಂದರಾ?

ಕೆಂಗಲ್ ಹನುಮಂತಯ್ಯನವರು ವಿಧಾನಸೌಧದ ಮೇಲೆ ಇದನ್ನು ಬರೆಸಿದ್ದು ಒಳ್ಳೆ ಮನಸ್ಸಿನಿಂದ, ನೌಕರರಿಗೆ ಭಯಭಕ್ತಿ ಇರಲಿ ಅಂತ, ಅನ್ನುತ್ತೀರಿ. ಇರಬಹುದು. ಕಟ್ಟಡ ಮುಗಿದದ್ದು 1956ರಲ್ಲಿ. ಇಷ್ಟು ವರ್ಷದಲ್ಲಿ ಭಯಭಕ್ತಿ ಹುಟ್ಟಿದ್ದು ಮೇಜಿನ ಯಾವ ಕಡೆ, ಹೇಳಿ?

ನಮ್ಮ ಸರ್ಕಾರವೇ 2011ರಲ್ಲಿ ಸಕಾಲ ಕಾಯ್ದೆ ತಂದಿತು. ಗಡುವಿನೊಳಗೆ ಕೆಲಸ ಆಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ದೇವರ ಕೆಲಸ ತಡವಾದರೆ ಯಾರಾದರೂ ದಿನಕ್ಕೆ 20 ರೂಪಾಯಿ ಕೇಳ್ತಾರಾ? ಇದು ನಮಗೆ ಸಲ್ಲಬೇಕಾದ ಬಾಕಿ, ಯಾರ ಕೃಪೆಯೂ ಅಲ್ಲ. ಆ ಕಚೇರಿಯಲ್ಲೂ ಸಕಾಲದ ಬೋರ್ಡು ಇತ್ತು. ಬೀರುವಿನ ಹಿಂದೆ, ಮುಕ್ಕಾಲು ಮುಚ್ಚಿಕೊಂಡು. ದೇವರ ಬೋರ್ಡಿಗೆ ಮಾತ್ರ ಟ್ಯೂಬ್‌ಲೈಟ್.

ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಅಂದರೆ ಅವರೂ ಸರ್ಕಾರಿ ನೌಕರರೇ, ಅಲ್ವಾ? ಕೂಡಲಸಂಗಮದೇವ ಇರುವಾಗ 'ಬಿಜ್ಜಳನ ಭಂಡಾರವೆನಗೇಕಯ್ಯಾ' ಅಂದರು. ದೊರೆಯ ಖಜಾನೆಯನ್ನು ದೇವರ ಗುಡಿ ಮಾಡಲು ಹೋಗಲಿಲ್ಲ.

ನಮ್ಮಪ್ಪನೂ ಗುಮಾಸ್ತರಾಗಿದ್ದರು. ಲಂಚ ಮುಟ್ಟಲಿಲ್ಲ. ಯಾರಾದರೂ 'ನೀವು ದೇವರಂಥವರು ಸ್ವಾಮಿ' ಅಂದರೆ ಸಿಡುಕುತ್ತಿದ್ದರು: 'ಸಂಬಳ ಕೊಡ್ತಾರೆ ಕಣಯ್ಯ, ಕೈ ಇಳಿಸು'. ಮನೆಗೆ ಬಂದು ಸಂಧ್ಯಾವಂದನೆ ಬೇರೆ, ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಈಗ ಯಾರಾದರೂ ಬಂದು 'ನಮ್ಮ ಭಾವನೆಗೆ ಧಕ್ಕೆ ಆಯಿತು' ಅಂತೀರಿ. ನನ್ನದಕ್ಕೂ ಆಗಿದೆ ಸ್ವಾಮಿ. ಅರ್ಜಿ ಯಾವ ಕೌಂಟರಿನಲ್ಲಿ ಕೊಡಬೇಕು, ಹೇಳಿ. ಸೋಮವಾರ ಹೇಗೂ ಹೋಗ್ತಿದ್ದೀನಿ.